ಹರಿಗೋಲು ಚೆನ್ನಿಯ ಹಾಳೆಗಳು

ಹೊಸ ಆಫ್‌ಸೆಟ್ ಯಂತ್ರಕ್ಕೆ ಜಾಗ ಬೇಕೆಂದು ಕಿರಣ್‌ಕುಮಾರ್ ಪ್ರೆಸ್ಸಿನ ಹಿಂದಿನ ಕೋಣೆಯನ್ನು ಖಾಲಿ ಮಾಡಿಸುತ್ತಿದ್ದ. ಮುರಿದ ಟೈಪ್ ಕೇಸುಗಳು, ಒಣಗಿ ಕಲ್ಲಾದ ಮಸಿ ಡಬ್ಬಗಳು, ಯಾರದೋ ಮದುವೆಯ ಮಿಕ್ಕುಳಿದ ಲಗ್ನಪತ್ರಿಕೆಗಳು ಎಲ್ಲ ಅಂಗಳಕ್ಕೆ ಬಂದು ಬಿದ್ದಿದ್ದವು. ಕೊನೆಗೆ ಹೊರಬಂದದ್ದು ತಗಡಿನ ಬೀರು. ಅದರೊಳಗಿಂದ ದಪ್ಪ ಹಾಳೆಗಳ ಕಟ್ಟೊಂದನ್ನು ತೆಗೆಯುತ್ತಿರುವುದು ಕಂಡದ್ದೇ, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಯಶೋಧರಾ ಕೆಲಸ ಬಿಟ್ಟು ಎದ್ದು ಬಂದಳು.

ಆ ಹಾಳೆಗಳನ್ನು ಅವಳು ನೋಡಿ ಏಳೆಂಟು ವರ್ಷವಾಗಿತ್ತು.

ಕಿರಣನ ತಂದೆ ಗೋವಿಂದಯ್ಯನವರು ಬದುಕಿದ್ದಾಗ ಹುಣಸೂರಿನಿಂದಲೇ ‘ಎಳೆಬಿಸಿಲು’ ಎಂಬ ಮಕ್ಕಳ ಮಾಸಪತ್ರಿಕೆ ತರುತ್ತಿದ್ದರು. ಹೊಗೆಸೊಪ್ಪಿನ ಊರಲ್ಲಿ ಮಕ್ಕಳ ಪತ್ರಿಕೆಯನ್ನು ಯಾರು ಓದುತ್ತಾರೆ ಎಂದು ನಕ್ಕವರೇ ಹೆಚ್ಚು. ಆದರೂ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಹೆಗ್ಗಡದೇವನಕೋಟೆ, ಈ ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ ಅದರ ಕಟ್ಟು ಬಸ್ಸಿನಲ್ಲಿ ಹೋಗುತ್ತಿತ್ತು. ಕೈಯಿಂದ ಕೈಗೆ ದಾಟಿ ಮೂಲೆಗಳು ಸವೆಯುತ್ತಿದ್ದವು. ಮಕ್ಕಳು ಅಷ್ಟು ಆಸೆಯಿಂದ ಓದುತ್ತಿದ್ದದ್ದು ‘ಹರಿಗೋಲು ಚೆನ್ನಿ’ ಎಂಬ ಚಿತ್ರಕಥೆಗಾಗಿ. ಚೆನ್ನಿ ಕಬಿನಿಯಲ್ಲಿ ಹರಿಗೋಲು ಹಾಕುವ ಹುಡುಗಿ. ಎತ್ತಿ ಕಟ್ಟಿದ ಲಂಗ, ಎರಡು ಜಡೆ, ಯಾರಿಗೂ ಸೊಪ್ಪು ಹಾಕದ ಬಾಯಿ. ಹೊಳೆ ದಾಟಿಸುತ್ತಲೇ ಅವಳು ಕಳ್ಳಬೇಟೆಯವರನ್ನು ಹಿಡಿದುಕೊಡುತ್ತಿದ್ದಳು, ದಾರಿ ತಪ್ಪಿದ ಆನೆಮರಿಯನ್ನು ತಾಯಿಯ ಹತ್ತಿರ ಸೇರಿಸುತ್ತಿದ್ದಳು. ಅವಳನ್ನು ಬರೆಯುತ್ತಿದ್ದವರು ಹೆಗ್ಗಡದೇವನಕೋಟೆಯ ಡ್ರಾಯಿಂಗ್ ಮೇಷ್ಟ್ರು ನೀಲಕಂಠಸ್ವಾಮಿ. ಚೆನ್ನಿಯ ಬಾಯಿಗೆ ಮಾತು ಬರೆಯುತ್ತಿದ್ದವಳು, ಎಂದರೆ ಮಾತಿನ ಗುಳ್ಳೆಗಳೊಳಗೆ ಕಟ್‌ ನಿಬ್ಬಿನಿಂದ ಅಕ್ಷರ ತುಂಬುತ್ತಿದ್ದವಳು, ಯಶೋಧರಾ.

ಪಿ.ಯು.ಸಿ. ಮುಗಿಸಿ ಪ್ರೆಸ್ಸಿಗೆ ಸೇರಿದ ಹೊಸತರಲ್ಲಿ ಅವಳ ಅಕ್ಷರ ನೋಡಿ ಗೋವಿಂದಯ್ಯನವರೇ ಆ ಕೆಲಸ ಕೊಟ್ಟಿದ್ದರು. ಇಕ್ಕಟ್ಟಾದ ಗುಳ್ಳೆಯಲ್ಲಿ ಮಾತು ಹಿಡಿಸಲು ಅವಳು ತನ್ನದೇ ಒಂದು ಬರವಣಿಗೆ ಕಂಡುಕೊಂಡಿದ್ದಳು. ತಲೆಕಟ್ಟುಗಳನ್ನು ಸ್ವಲ್ಪ ಓರೆ ಮಾಡಿ ಎಳೆಯುತ್ತಿದ್ದಳು. ‘ಳ’ದ ಬಾಲವನ್ನು ಒಳಕ್ಕೆ ಮಡಚಿ ತುದಿಯಲ್ಲಿ ಒಂದು ಸಣ್ಣ ಕೊಂಕು ಕೊಡುತ್ತಿದ್ದಳು. ಪತ್ರಿಕೆಯಲ್ಲಿ ಅವಳ ಹೆಸರು ಬರುತ್ತಿರಲಿಲ್ಲ. ಬರಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ. ಗೋವಿಂದಯ್ಯನವರು ತೀರಿಕೊಂಡ ಮೇಲೆ ಪತ್ರಿಕೆ ನಿಂತಿತು, ಪ್ರೆಸ್ಸಿಗೆ ಕಂಪ್ಯೂಟರ್ ಬಂತು, ಅವಳು ಕೀಲಿಮಣೆ ಕಲಿತು ಆಮಂತ್ರಣ ಪತ್ರಿಕೆಗಳನ್ನು ಟೈಪು ಮಾಡುವವಳಾದಳು. ಈಗ ಅವಳು ಒತ್ತುವ ಅಕ್ಷರಗಳೆಲ್ಲ ಹುಣಸೂರಿನಲ್ಲೂ ಮೈಸೂರಿನಲ್ಲೂ ಒಂದೇ ಥರ ಇರುತ್ತಿದ್ದವು.

“ಎಲ್ಲ ಸ್ಕ್ಯಾನ್ ಮಾಡಿ ಒಂದು ಸಿ.ಡಿ.ಗೆ ಹಾಕ್ಬುಡಣ ಅಕ್ಕ,” ಎಂದ ಕಿರಣ. “ಅಪ್ಪನ ನೆನಪು, ಇರ್ಲಿ. ಮುಂದೆ ಯಾವಾಗಾದ್ರೂ ಪುಸ್ತಕ ಮಾಡಿದ್ರೂ ಆಯ್ತು. ಹಾಳೆಗಳನ್ನ ರದ್ದಿಗೆ ಕಳಿಸ್ತೀನಿ. ಗೆದ್ದಲು ಬೇರೆ ಹತ್ತುತಾವೆ.”

ಅವನದು ಕೆಟ್ಟ ಮನಸ್ಸಲ್ಲ. ತಾನೇ ಕೂತು ಹತ್ತಾರು ಹಾಳೆ ಸ್ಕ್ಯಾನ್ ಮಾಡಿದ. ಯಶೋಧರಾ ಪರದೆಯ ಮೇಲೆ ಬಂದದ್ದನ್ನೂ ಕೈಯಲ್ಲಿದ್ದ ಹಾಳೆಯನ್ನೂ ಒಂದಾದ ಮೇಲೊಂದು ನೋಡಿದಳು.

“ಹೊಳೆ ಎಲ್ಲೋಯ್ತು ಕಿರಣ?”

ಮೇಷ್ಟ್ರು ನೀರು ಬೆರೆಸಿದ ತೆಳು ಮಸಿಯಲ್ಲಿ ಬಳಿದಿದ್ದ ಕಬಿನಿ ಪರದೆಯ ಮೇಲೆ ಇರಲೇ ಇಲ್ಲ. ಚೆನ್ನಿಯ ಹರಿಗೋಲು ಬಿಳಿಯ ಬಯಲಲ್ಲಿ ನಿಂತಿತ್ತು. ಕಿರಣ ಸೆಟ್ಟಿಂಗ್ ಬದಲಾಯಿಸಿ ಮತ್ತೆ ಸ್ಕ್ಯಾನ್ ಮಾಡಿದ, ಹೊಳೆ ಬಂತು. “ನೋಡಿ, ಬಂತಲ್ಲ,” ಎಂದ. ಅವಳು ಹಾಳೆಯನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ ಬಿಸಿಲಿಗೆ ಓರೆಯಾಗಿ ಹಿಡಿದು ಅವನನ್ನು ಕರೆದಳು.

ನಗುತ್ತಿದ್ದ ಚೆನ್ನಿಯ ಮುಖದ ಸುತ್ತ ಬಿಳಿ ಪೋಸ್ಟರ್ ಬಣ್ಣ ದಪ್ಪಗೆ ಕೂತಿತ್ತು. ಅದರ ಅಡಿಯಲ್ಲಿ ಇನ್ನೊಂದು ಮುಖದ ಗೆರೆಗಳು ಉಬ್ಬಿ ಕಾಣುತ್ತಿದ್ದವು. ಆ ಮುಖ ಅಳುತ್ತಿತ್ತು.

“ಮೇಷ್ಟ್ರು ಮೊದಲು ಅಳೋ ಹಂಗೆ ಬರೆದಿದ್ರು. ನಿಮ್ಮಪ್ಪ, ‘ಚೆನ್ನಿ ಅತ್ರೆ ಮಕ್ಕಳೂ ಅಳ್ತಾವೆ ಕಣ್ರೀ ಮೇಷ್ಟ್ರೇ’ ಅಂದ್ರು. ಇಲ್ಲೇ ಈ ಮೇಜಿನ ಮೇಲೇ ಅವರು ಬಿಳಿ ಬಳಿದು ನಗಿಸಿದ್ದು. ಇದು ಸಿ.ಡಿ.ಯಲ್ಲಿ ಎಲ್ಲಿ ಬರ್ತದೆ?”

ಕಿರಣ ಆ ಮುಖವನ್ನು ಬಹಳ ಹೊತ್ತು ನೋಡಿದ. ತಂದೆಯ ಮಾತು ಕೇಳಿಸಿದಂತಾಯಿತೋ ಏನೋ, “ರದ್ದಿಗೆ ಬ್ಯಾಡ ಬುಡಿ. ನೀವೇ ಮನೇಲಿ ಇಟ್ಕಳಿ,” ಎಂದ.

ಹಾಗೆ ಚೆನ್ನಿ ಯಶೋಧರಾಳ ಮನೆಗೆ ಬಂದಳು. ಆದರೆ ಬಂದದ್ದು ಅರ್ಧ ಮಾತ್ರ.

ಅದಕ್ಕೆ ಕಾರಣವೂ ಮೇಷ್ಟ್ರೇ. ಪ್ರತಿ ತಿಂಗಳು ಚಿತ್ರಕಥೆಗೆ ಎರಡು ಪುಟ. ಕೊನೆಯಲ್ಲೊಂದು ಒಗಟು. ಸರಿಯುತ್ತರ ಬರೆದ ಮಕ್ಕಳಲ್ಲಿ ಒಬ್ಬರಿಗೆ ಬಹುಮಾನ. ಪೆನ್ಸಿಲ್ ಡಬ್ಬಿ ಕೊಡೋಣವೆಂದು ಗೋವಿಂದಯ್ಯನವರು ಅಂದರೆ, ಮೇಷ್ಟ್ರು, “ಪೆನ್ಸಿಲ್ ಅಂಗಡೀಲಿ ಸಿಕ್ತದೆ. ಚೆನ್ನೀನೇ ಕೊಡಿ,” ಎಂದಿದ್ದರು. ಅಂದಿನಿಂದ ತಿಂಗಳ ಎರಡು ಪುಟಗಳಲ್ಲಿ ಒಂದರ ಮೂಲಚಿತ್ರ ಯಾವುದೋ ಊರಿನ ಯಾವುದೋ ಮಗುವಿನ ಪಾಲಾಗುತ್ತಿತ್ತು. ಹೀಗಾಗಿ ಆನೆಮರಿಯ ಕಥೆ, ಎಲ್ಲಕ್ಕಿಂತ ಉದ್ದನೆಯ, ಎಲ್ಲಕ್ಕಿಂತ ಚೆಂದದ ಕಥೆ, ಈಗ ಒಂದು ಪುಟ ಇದ್ದರೆ ಮುಂದಿನ ಪುಟ ಇಲ್ಲ ಎನ್ನುವಂತಿತ್ತು. ಹಳೆಯ ಸಂಚಿಕೆಗಳಿಂದ ಆ ಪುಟಗಳನ್ನು ತುಂಬಿಕೊಳ್ಳಬಹುದೇ ಎಂದು ಕಿರಣ ಸ್ಕ್ಯಾನ್ ಮಾಡಿ ನೋಡಿದ. ಅಗ್ಗದ ಕಾಗದದಲ್ಲಿ ಮಸಿ ಹರಡಿ ಚೆನ್ನಿಯ ಕಣ್ಣುಗಳು ಎರಡು ಕಪ್ಪು ಬೊಟ್ಟುಗಳಾಗಿದ್ದವು.

ಯಶೋಧರಾ ಮೊದಲು ಮೈಸೂರಿಗೆ ಹೋಗಿ ಓಲೆಗರಿಗಳನ್ನು ಕಾಪಾಡುವ ಕೆಲಸದಲ್ಲಿದ್ದ ಒಬ್ಬರನ್ನು ಕಂಡು ಬಂದಳು. ಸೆಲ್ಲೋಟೇಪ್ ಮುಟ್ಟಿಸಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಸುರುಳಿ ಸುತ್ತಬೇಡಿ, ಬಿಸಿಲಿಗೂ ತೇವಕ್ಕೂ ಒಡ್ಡಬೇಡಿ, ಹಾಳೆ ಹಾಳೆಯ ನಡುವೆ ಒಳ್ಳೆಯ ತೆಳುಕಾಗದ ಇರಲಿ ಎಂದು ಅವರು ಹೇಳಿಕೊಟ್ಟರು. ಆಮೇಲೆ ಅವಳು ಮೇಷ್ಟ್ರನ್ನು ಕಾಣಲು ಕೋಟೆಯ ಬಸ್ಸು ಹತ್ತಿದಳು.

ನಿವೃತ್ತರಾಗಿದ್ದ ನೀಲಕಂಠಸ್ವಾಮಿ ಮೇಷ್ಟ್ರು ಮನೆಯ ಮುಂದೆ ಬಿಳಿಜೋಳ ಹರವಿಕೊಂಡು ಕೂತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಅರ್ಧ ಉಳ್ಕೊಂಡದಾ? ನಾನು ಅಷ್ಟೂ ಹೋಯ್ತು ಅನ್ಕೊಂಡಿದ್ದೆ,” ಎಂದರು. ಉಳಿದರ್ಧವನ್ನು ಹುಡುಕಿಕೊಂಡು ಹೋಗುತ್ತೇನೆ ಎಂದಾಗ ಮಾತ್ರ ಅವರ ಮುಖ ಗಂಭೀರವಾಯಿತು.

“ಹುಡುಕು. ಆದ್ರೆ ಕಿತ್ಕೊಂಡು ಬರಬ್ಯಾಡ ಕಣಮ್ಮ. ಕೊಟ್ಟಿದ್ದನ್ನ ವಾಪಸ್ ಕೇಳದು ಬ್ಯಾಡ. ಅವು ಆ ಮಕ್ಕಳದು.”

“ಒಂದು ವಾರಕ್ಕೆ ಕೇಳ್ತೀನಿ ಮೇಷ್ಟ್ರೇ. ಸ್ಕ್ಯಾನ್ ಮಾಡಿ, ನಾನೇ ಕೈಯಾರ ವಾಪಸ್ ಕೊಟ್ಟು ಬತ್ತೀನಿ.”

“ಅಂಗಾದ್ರೆ ಸರಿ,” ಎಂದರು ಮೇಷ್ಟ್ರು.

ಗೆದ್ದವರ ಹೆಸರೂ ಊರೂ ಪತ್ರಿಕೆಯ ಕೊನೆಯ ಪುಟದಲ್ಲೇ ಅಚ್ಚಾಗಿರುತ್ತಿದ್ದವು. ಎರಡು ಪ್ಲೈವುಡ್ ಹಲಗೆಗಳ ನಡುವೆ ಹಾಳೆ ಇಟ್ಟು ಕಟ್ಟುವಂಥ ಒಂದು ಚೀಲವನ್ನು ಯಶೋಧರಾ ಹೊಲಿದುಕೊಂಡಳು. ರಜೆಯ ದಿನಗಳೆಲ್ಲ ಬಸ್ಸಿನಲ್ಲಿ ಕಳೆದವು. ಆಗಿನ ಮಕ್ಕಳು ಈಗ ದೊಡ್ಡವರಾಗಿದ್ದರು. ಹೆಣ್ಣುಮಕ್ಕಳು ಮದುವೆಯಾಗಿ ಊರು ಬಿಟ್ಟಿದ್ದರು. ಚೆನ್ನಿಯ ಹೆಸರು ಹೇಳಿದರೆ ಮಾತ್ರ ಯಾರೂ ‘ಯಾವ ಚೆನ್ನಿ’ ಎನ್ನಲಿಲ್ಲ. ಕೆ.ಆರ್.ನಗರದಲ್ಲಿ ಹರ್ಷಿತಾ ಎಂಬ ಹುಡುಗಿ ತನ್ನ ಪುಟದಿಂದ ಚೆನ್ನಿಯನ್ನಷ್ಟೇ ಕತ್ತರಿಸಿ ಶಾಲೆಯ ಡಬ್ಬಿಗೆ ಅಂಟಿಸಿಕೊಂಡಿದ್ದಳು. ಉಳಿದ ಹಾಳೆಯನ್ನೂ ಬಿಸಾಡದೆ ಇಟ್ಟಿದ್ದಳು. ಚೆನ್ನಿಯ ಆಕಾರದ ತೂತಿನ ಸುತ್ತ ಕಾಡು, ಹೊಳೆ, ಆನೆಮರಿ ಎಲ್ಲ ಹಾಗೇ ಇದ್ದವು.

ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ಸಣ್ಣಬೀರಯ್ಯ ಎಂಬ ರೈತ ತನ್ನ ಮಗಳು ಅನು ಗೆದ್ದ ಪುಟವನ್ನು ದೇವರ ಪಟಗಳ ಸಾಲಿನಲ್ಲಿ ತೂಗುಹಾಕಿದ್ದ. ಯಶೋಧರಾ ಹತ್ತಿರ ಹೋಗಿ ನೋಡಿದಳು. ಹಾಳೆ ಲ್ಯಾಮಿನೇಟ್ ಆಗಿತ್ತು. ಪ್ಲಾಸ್ಟಿಕ್ಕು ಹಳದಿಗಟ್ಟಿ, ಒಂದು ಕಡೆ ಗುಳ್ಳೆ ಎದ್ದು, ಮಸಿಯನ್ನೂ ಜೊತೆಗೆ ಎಬ್ಬಿಸಿತ್ತು.

“ನಮ್ ಮನೇಗೆ ಬಂದ ಮೊದಲನೇ ಬಹುಮಾನ ಕಣವ್ವ,” ಎಂದ ಸಣ್ಣಬೀರಯ್ಯ. “ಮಗು ಕೈಯಾಡ್ಸಿ ಹಾಳು ಮಾಡ್ಬುಡ್ತದೆ ಅಂತ ಪಟ್ಣಕ್ಕೆ ಹೋಗಿ ಪ್ಲಾಸ್ಟಿಕ್ ಮಾಡಿಸ್ಕಂಡು ಬಂದೆ. ಚೆನ್ನಾಗದಾ?”

ಈ ಪ್ಲಾಸ್ಟಿಕ್ಕನ್ನು ಇನ್ನು ಬಿಡಿಸಲು ಬಾರದು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಆದರೆ ಅವನು ಪಟ ಇಳಿಸಿ ತನ್ನ ಹೆಗಲ ವಸ್ತ್ರದಿಂದ ಒರೆಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟ ರೀತಿ ನೋಡಿದ ಮೇಲೆ ಅದು ಬಾಯಿಂದ ಹೊರಡಲಿಲ್ಲ. “ಇಷ್ಟು ವರ್ಷ ಕಾಪಾಡಿದ್ದೀರಲ್ಲ ಯಜಮಾನ್ರೇ, ಅದು ದೊಡ್ಡದು,” ಎಂದಳು. ಅದು ಸುಳ್ಳೂ ಆಗಿರಲಿಲ್ಲ. ಅಡುಗೆ ಒಲೆಗೆ ಹೋದ ಹಾಳೆಗಳ ಕಥೆಯನ್ನೂ ಅವಳು ಬೇರೆ ಮನೆಗಳಲ್ಲಿ ಕೇಳಿ ಬಂದಿದ್ದಳು. ಬಿಸಿಲು ನೇರ ಬೀಳದ ಗೋಡೆ ತೋರಿಸಿ, ಇಲ್ಲಿ ಹಾಕಿ ಎಂದಳು. ಅವನು ಆ ಗಳಿಗೆಯಲ್ಲೇ ಮೊಳೆ ಹುಡುಕಲು ಎದ್ದ.

ಬೈಲಕುಪ್ಪೆಯ ಸರದಿ ಬಂದದ್ದು ಮಳೆಗಾಲ ಮುಗಿಯುತ್ತಿದ್ದಾಗ. ಪತ್ರಿಕೆಯಲ್ಲಿ ಇದ್ದ ಹೆಸರು ಡೋಲ್ಮಾ ಎಂದು, ಜೊತೆಗೆ ಒಂದು ಟಿಬೆಟನ್ ಕ್ಯಾಂಪಿನ ನಂಬರು. ಕೇಳಿದಾಗ, ಅವಳದು ಈಗ ರಸ್ತೆ ಬದಿಯಲ್ಲೇ ಹೋಟೆಲಿದೆ ಎಂದು ಯಾರೋ ಕೈ ತೋರಿಸಿದರು. ಯಶೋಧರಾ ರಸ್ತೆ ದಾಟಿ ತಲೆಯೆತ್ತಿದವಳು ಅಲ್ಲೇ ನಿಂತುಬಿಟ್ಟಳು.

ಹಳದಿ ತಗಡಿನ ಮೇಲೆ ಮೊದಲು ಟಿಬೆಟನ್ ಅಕ್ಷರ, ಅದರ ಕೆಳಗೆ ಕನ್ನಡ: ‘ಡೋಲ್ಮಾ ಹೋಟೆಲ್. ಊಟ, ತಿಂಡಿಗಳು, ಬಿಸಿ ಬಿಸಿ ಮೊಮೊಗಳು.’ ಓರೆಯಾದ ತಲೆಕಟ್ಟುಗಳು. ಒಳಕ್ಕೆ ಮಡಚಿ ತುದಿಯಲ್ಲಿ ಕೊಂಕಿದ ‘ಳ’.

ಆ ಬೋರ್ಡನ್ನು ಅವಳು ಬರೆದಿರಲಿಲ್ಲ. ಆದರೆ ಅಕ್ಷರ ಅವಳದೇ. ಹಾದು ಹೋಗುವ ಲಾರಿಗಳ ಧೂಳಿನಲ್ಲಿ ನಿಂತು ಅವಳು ಅದನ್ನು ಮತ್ತೆ ಮತ್ತೆ ಓದಿದಳು. ಕಂಪ್ಯೂಟರ್ ಬಂದ ಮೇಲೆ ತನ್ನ ಕೈಬರಹ ಮುಗಿದುಹೋಯಿತೆಂದು ಅವಳು ಯಾವತ್ತೋ ಒಪ್ಪಿಕೊಂಡಿದ್ದಳು. ಅದಿಲ್ಲಿ, ಮಡಿಕೇರಿ ರಸ್ತೆಯ ಮೇಲೆ, ಜನರನ್ನು ಊಟಕ್ಕೆ ಕರೆಯುತ್ತಿತ್ತು.

ಒಳಗಿದ್ದ ಡೋಲ್ಮಾ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಹೊರಬಂದಳು. “ಬನ್ನಿ ಅಕ್ಕ, ಯಾಕೆ ಬಿಸಿಲಲ್ಲಿ ನಿಂತಿದ್ದೀರ? ಊಟ ಆಯ್ತಾ?”

“ಈ ಬೋರ್ಡು ಯಾರು ಬರೆದಿದ್ದು?”

“ನಾನೇ. ಯಾಕೆ, ತಪ್ಪಾಗಿದ್ಯಾ?”

“ಇಲ್ಲ. ಈ ಅಕ್ಷರ ಎಲ್ಲಿ ಕಲಿತ್ರಿ?”

ಡೋಲ್ಮಾ ನಕ್ಕಳು. “ಅದೊಂದು ಕಥೆ ಅಕ್ಕ. ಚಿಕ್ಕವಳಿದ್ದಾಗ ನಂಗೆ ಕನ್ನಡ ಮಾತಾಡಕ್ಕೆ ಬರೋದು, ಬರೆಯಕ್ಕೆ ಬರ್ತಿರ್ಲಿಲ್ಲ. ಪಕ್ಕದ ಹಳ್ಳಿ ಹುಡುಗರ ಹತ್ರ ಒಂದು ಪುಸ್ತಕ ಇರೋದು, ಅದರಲ್ಲಿ ಹರಿಗೋಲು ಚೆನ್ನಿ ಅಂತ ಕಥೆ ಬರೋದು. ಅದರ ಒಗಟು ಬಿಡಿಸಿ, ಅವರ ಕೈಲಿ ಬರೆಸಿ ಕಳಿಸಿದೆ. ನಂಗೆ ಬಹುಮಾನ ಬಂತು. ಚೆನ್ನಿಯ ಒಂದು ಇಡೀ ಪೇಜು. ಅದನ್ನ ಎದುರಿಗೆ ಇಟ್ಕೊಂಡು ಅದರಲ್ಲಿರೋ ಅಕ್ಷರನೇ ತಿದ್ದಿ ತಿದ್ದಿ ಕಲಿತೆ.”

ಯಶೋಧರಾ ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು. ನೀರು ಕುಡಿದ ಮೇಲೆ, “ಅದನ್ನ ಬರೆದವಳು ನಾನು ಕಣಮ್ಮ. ಚಿತ್ರ ಮೇಷ್ಟ್ರುದು. ಅಕ್ಷರ ನಂದು,” ಎಂದಳು. ಎಷ್ಟೋ ವರ್ಷಗಳಲ್ಲಿ ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಡೋಲ್ಮಾ ಒಲೆ ಸಣ್ಣ ಮಾಡಿ, ಕೈ ತೊಳೆದು ಬಂದು, ಅವಳನ್ನು ಒಳಮನೆಗೆ ಕರೆದುಕೊಂಡು ಹೋದಳು. ಗೋಡೆಯ ಮೇಲೆ ಜರಿಯ ಅಂಚಿನ ಉದ್ದನೆಯ ಬಟ್ಟೆ ತೂಗುತ್ತಿತ್ತು, ಟಿಬೆಟನ್ನರು ಪೂಜೆಯ ಪಟಗಳಿಗೆ ಮಾಡುವಂಥದ್ದು. ಅದರ ಮೇಲೆ ತೆಳುವಾದ ರೇಷ್ಮೆಯ ಪರದೆ. ಡೋಲ್ಮಾ ಪರದೆ ಎತ್ತಿದಳು.

ಚೆನ್ನಿ ಮುಂಗಾರಿನ ಕಬಿನಿಯಲ್ಲಿ ಹರಿಗೋಲು ಹಾಕುತ್ತಿದ್ದಳು. ಹರಿಗೋಲಿನಲ್ಲಿ ಆನೆಮರಿ. ಹಾಳೆ ಮೇಷ್ಟ್ರ ಕೈಯಿಂದ ಆಗಷ್ಟೇ ಬಂದಂತೆ ಬೆಳ್ಳಗಿತ್ತು. ಅಂಟಿಲ್ಲ, ಹೊಲಿಗೆಯಿಲ್ಲ, ಬಟ್ಟೆಯ ನಾಲ್ಕು ಸಣ್ಣ ಜೇಬುಗಳೊಳಗೆ ಅದರ ನಾಲ್ಕು ಮೂಲೆಗಳು ಕೂತಿದ್ದವು.

“ನಮ್ಮ ಮಾವ ಪಟ ಬರೆಯೋರು. ಅವರೇ ಮಾಡಿಕೊಟ್ಟಿದ್ದು. ಬೆಳಕಿಗೆ ಜಾಸ್ತಿ ಇಡಬೇಡ, ನೋಡೋವಾಗ ಮಾತ್ರ ತೆಗಿ ಅಂದಿದ್ರು.”

ಮೈಸೂರಿನಲ್ಲಿ ಕಲಿತು ಬಂದದ್ದೆಲ್ಲ ಆ ಗೋಡೆಯ ಮೇಲೆ ಇತ್ತು. ಒಂದು ವಾರಕ್ಕೆ ಕೊಡುತ್ತೀಯಾ ಎಂದು ಕೇಳಿದಾಗ ಡೋಲ್ಮಾ ತಲೆಯಾಡಿಸಿದಳು. “ಕೊಡಲ್ಲ ಅಕ್ಕ. ಬೇಜಾರು ಮಾಡ್ಕೋಬೇಡಿ. ನಾನೇ ತಗೊಂಡು ಬರ್ತೀನಿ. ನಾನು ನೋಡ್ತಾ ಇರೋವಾಗ್ಲೇ ನಿಮ್ಮ ಮೆಷಿನ್ ಮೇಲೆ ಇಡಿ, ನಾನೇ ವಾಪಸ್ ತಗೊಂಡು ಹೋಗ್ತೀನಿ.”

ಹೇಳಿದಂತೆ ಮುಂದಿನ ವಾರ ಅವಳು ಹುಣಸೂರಿಗೆ ಬಂದಳು. ಪ್ರೆಸ್ಸಿನಲ್ಲಿ ಆ ಪುಟವನ್ನು ನೋಡಿ ಕಿರಣ ಕೆಲಸದವರನ್ನೆಲ್ಲ ಕರೆದ. ಸ್ಕ್ಯಾನ್ ಮುಗಿಸಿ ಡೋಲ್ಮಾ ತನ್ನ ಪಟವನ್ನು ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋಗುವುದನ್ನು ನೋಡುತ್ತ ಯಶೋಧರಾ, “ಇವಳೊಬ್ಬಳೇ ಯಾಕೆ? ಎಲ್ಲರನ್ನೂ ಒಂದು ದಿನ ಕರೆದ್ರೆ?” ಎಂದಳು. “ಅವರವರ ಹಾಳೆ ಅವರೇ ತರ್ಲಿ. ಕಥೆ ಮೊದಲಿಂದ ಕೊನೆವರೆಗೂ ಗೋಡೆ ಮೇಲೆ ನಿಲ್ಲಿಸಣ.”

“ಅವತ್ತೇ ಪುಸ್ತಕನೂ ತಂದ್ಬುಡಣ,” ಎಂದ ಕಿರಣ. ಹೊಸ ಯಂತ್ರದಲ್ಲಿ ಮೊದಲು ಅಚ್ಚು ಹಾಕುವುದು ಆನೆಮರಿಯ ಕಥೆಯನ್ನೇ ಎಂದು ಅವನೇ ತೀರ್ಮಾನಿಸಿದ. ಒಳಪುಟದಲ್ಲಿ ಮೇಷ್ಟ್ರ ಹೆಸರಿನ ಕೆಳಗೆ ‘ಅಕ್ಷರ: ಯಶೋಧರಾ’ ಎಂದು ಸೇರಿಸಿದ್ದೂ ಅವನೇ. ಪ್ರೂಫ್ ನೋಡುವಾಗ ಅವಳು ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ತಿದ್ದುಪಡಿ ಏನೂ ಹಾಕಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ ಹುಣಸೂರಿನ ಒಂದು ಶಾಲೆಯ ಹಾಲ್‌ನಲ್ಲಿ ಅದು ನಡೆಯಿತು. ಬೆಳಗಿನ ಬಸ್ಸುಗಳಿಂದ ಜನ ಇಳಿಯತೊಡಗಿದರು. ಹರ್ಷಿತಾ ತೂತಿನ ಹಾಳೆಯನ್ನೂ, ಅದರ ಜೊತೆಗೆ ಚೆನ್ನಿ ಅಂಟಿದ್ದ ಡಬ್ಬಿಯನ್ನೂ ತಂದಿದ್ದಳು. ಸಣ್ಣಬೀರಯ್ಯ ಒಗೆದ ಪಂಚೆಯುಟ್ಟು, ಪಟವನ್ನು ಮಗಳ ಕೈಗೂ ಕೊಡದೆ ತಾನೇ ಹೊತ್ತು ತಂದಿದ್ದ. ಡೋಲ್ಮಾ ಬಂದು ತನ್ನ ಪಟ ತೂಗುಹಾಕಿ, ಪರದೆಯ ದಾರವನ್ನು ತಾನೇ ಹಿಡಿದು ನಿಂತಳು. ಯಶೋಧರಾ ಜೋಪಾನ ಮಾಡಿದ್ದ ಹಾಳೆಗಳು ನಡುನಡುವೆ ಸೇರಿದವು. ಕಥೆ ಬಾಗಿಲ ಹತ್ತಿರ ಶುರುವಾಗಿ ಹಾಲನ್ನು ಸುತ್ತಿ ಮತ್ತೆ ಬಾಗಿಲಿಗೆ ಬಂದು ಮುಗಿಯುತ್ತಿತ್ತು. ಸಿಗದೇ ಹೋದ ಪುಟಗಳ ಜಾಗದಲ್ಲಿ ಹಳೆಯ ಸಂಚಿಕೆಯ ಪುಟಗಳನ್ನು ಹಾಕಿದ್ದರು, ಬಾಗಿಲ ಬಳಿಯ ಮೇಜಿನ ಮೇಲೆ ಜೋಡಿಸಿಟ್ಟಿದ್ದ ಹೊಸ ಪುಸ್ತಕದಲ್ಲೂ ಹಾಗೇ.

ಮೇಷ್ಟ್ರು ಮಗನ ಜೊತೆ ಕೋಟೆಯಿಂದ ಬಂದರು. ಒಂದೊಂದು ಪುಟದ ಮುಂದೆಯೂ ನಿಂತರು. ಪುಟ ನೋಡಿ ಅದರ ಪಕ್ಕದಲ್ಲಿ ನಿಂತವರ ಮುಖ ನೋಡುವರು, ಹೆಸರು ಕೇಳುವರು, ಮುಂದೆ ಹೋಗುವರು. ಸಣ್ಣಬೀರಯ್ಯನ ಪಟದ ಮುಂದೆ ಅವರು ಬಗ್ಗಿ ಉಬ್ಬಿದ ಪ್ಲಾಸ್ಟಿಕ್ಕನ್ನು ನೋಡಿದಾಗ ಯಶೋಧರಾ ಹತ್ತಿರ ಬಂದು ನಿಂತಳು.

“ದೇವರ ಪಕ್ಕದಲ್ಲಿ ಇಟ್ಟಿದ್ರಂತಲ್ಲ?” ಎಂದರು ಮೇಷ್ಟ್ರು.

“ಊ ಸ್ವಾಮಿ. ಈಗ ಗೋಡೆ ಬದಲಾಯಿಸಿವ್ನಿ. ಬಿಸಿಲು ಬೀಳ್ತಿತ್ತು ಅಂತ ಈ ಅವ್ವ ಹೇಳುದ್ರು.”

ಮೇಷ್ಟ್ರು ಅವನ ಕೈ ಹಿಡಿದುಕೊಂಡರು. ತಾವು ಡ್ರಾಯಿಂಗ್ ಮೇಷ್ಟ್ರಾಗಿದ್ದಷ್ಟು ಕಾಲವೂ ಇಷ್ಟು ಒಳ್ಳೆಯ ಜಾಗದಲ್ಲಿ ತಮ್ಮ ಚಿತ್ರ ತೂಗಿರಲಿಲ್ಲ ಎಂದರು.

ಸಿಗದೇ ಹೋದ ಪುಟಗಳನ್ನು ಮತ್ತೆ ಬರೆದುಕೊಡಿ ಎಂದು ಕಿರಣ ಕೇಳಿಕೊಂಡ. ಮೇಷ್ಟ್ರು ಒಪ್ಪಲಿಲ್ಲ. “ಆವತ್ತಿನ ಕೈ ಇವತ್ತು ಇಲ್ಲ ಕಣಪ್ಪ. ಈಗ ಬರೆದ್ರೆ ಅದು ಬೇರೆ ಚೆನ್ನಿ ಆಗ್ತಾಳೆ. ಅಲ್ಲೊಂದು ಇಲ್ಲೊಂದು ಪುಟ ಇನ್ನೂ ಯಾರ ಮನೇಲೋ ಅದೆ ಅನ್ಕೊಳಣ.” ಡೋಲ್ಮಾಳ ಪಟದ ಮುಂದೆ ಮಾತ್ರ ಅವರು ಬಹಳ ಹೊತ್ತು ನಿಂತರು. ಆಮೇಲೆ ತಿರುಗಿ, ಗುಂಪಿನ ಹಿಂದೆ ನಿಂತಿದ್ದ ಯಶೋಧರಾಳನ್ನು ಕೈಬೀಸಿ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

“ಚೆನ್ನಿ ಬಾಯಿ ಜೋರು ಅಂತ ಎಲ್ಲಾ ನನ್ನ ಹೊಗಳ್ತಿದ್ರು. ನಾನು ಬರೀ ಬಾಯಿ ಬರೆದೆ. ಮಾತು ಬರೆದೋಳು ಇವಳು.”

ಜನ ಚಪ್ಪಾಳೆ ತಟ್ಟಿದರು. ಯಶೋಧರಾ ತಲೆ ತಗ್ಗಿಸಲಿಲ್ಲ. ಸೆರಗು ಸರಿಮಾಡಿಕೊಂಡು ಎಲ್ಲರ ಕಡೆ ನೇರವಾಗಿ ನೋಡಿದಳು.

ಸಂಜೆ ಹಾಲ್ ಖಾಲಿಯಾಯಿತು. ಪುಟ ತಂದವರೆಲ್ಲ ತಮ್ಮ ತಮ್ಮ ಪುಟ ಬಿಚ್ಚಿಕೊಂಡರು. ಅವಳು ಪ್ರತಿಯೊಬ್ಬರಿಗೂ ತೆಳುಕಾಗದ ಸುತ್ತಿ, ಹಿಂದೆ ರಟ್ಟು ಕೊಟ್ಟು, ಮಡಚಬೇಡಿ ಎಂದು ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಳು. ಅವರನ್ನು ಕಳಿಸಲು ಕಿರಣನೂ ಅವಳೂ ಬಸ್‌ಸ್ಟ್ಯಾಂಡಿನವರೆಗೆ ಹೋದರು. ಪಿರಿಯಾಪಟ್ಟಣದ ಬಸ್ಸು ಕಿಕ್ಕಿರಿದಿತ್ತು. ಸಣ್ಣಬೀರಯ್ಯ ಪಟವನ್ನು ತಲೆಯ ಮೇಲೆ ಎತ್ತಿ ಹಿಡಿದು ಹತ್ತಿದ. ಯಾರೋ ದಬ್ಬಿದ್ದಕ್ಕೆ, “ನೋಡ್ಕೊಂಡು ಕಣ್ಲಾ, ಒಳಗೆ ಚಿತ್ರ ಅದೆ,” ಎಂದು ಗದರಿದ. ಕಂಡಕ್ಟರ್ ಒಬ್ಬನನ್ನು ಎಬ್ಬಿಸಿ ಅವನಿಗೆ ಸೀಟು ಕೊಡಿಸಿದ. ಅದೇ ಬಸ್ಸಿನ ಕಿಟಕಿಯಿಂದ ಡೋಲ್ಮಾ ಕೈ ಬೀಸಿದಳು. ಆಚೆ ಕೆ.ಆರ್.ನಗರದ ಬಸ್ಸು ಹೊರಡುತ್ತಿತ್ತು, ಅದರಾಚೆ ಕೋಟೆಯ ಬಸ್ಸು.

“ಎಲ್ಲ ಒಂದೇ ಕಡೆ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಲ್ವಾ ಅಕ್ಕ?” ಎಂದ ಕಿರಣ.

“ಇಲ್ಲ ಕಣೋ,” ಎಂದಳು ಯಶೋಧರಾ. “ಇಷ್ಟು ಮನೆಗಳಲ್ಲಿ ನಮ್ಮ ಕೆಲಸ ಇದೆಯಲ್ಲ. ಇದಕ್ಕಿಂತ ಇನ್ನೇನು ಬೇಕು?”

ಬಸ್ಸುಗಳು ಒಂದರ ಹಿಂದೊಂದು ಹೊರಟವು. ಅವಳು ಅವು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಆಮೇಲೆ ಮನೆಯ ಕಡೆ ಹೆಜ್ಜೆ ಹಾಕಿದಳು.